ಅಡಿಕೆ ಸಿಪ್ಪೆಯ ರಾಶಿ ಬಿಸಿಯಾದಾಗ

ಶಿರಸಿಯ ಕಡೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಮುಗಿದರೆ ಅಡಿಕೆ ಬೆಳೆಗಾರರ ಮನೆಗಳ ಹಿಂದೆ ಸಿಪ್ಪೆಯ ರಾಶಿ ಬೀಳುತ್ತದೆ. ನಮ್ಮಲ್ಲಿ ಅದು ಒಣಗಿದ ಮೇಲೆ ಬಚ್ಚಲೊಲೆ ಸೇರುತ್ತಿತ್ತು. ತೋಟದಿಂದ ಬಂದದ್ದು ತೋಟಕ್ಕೇ ಹೋಗಬೇಕೆಂಬ ಹಂಬಲದಿಂದ, ತೋಟದ ಜವಾಬ್ದಾರಿ ನನ್ನ ಕೈಗೆ ಬಂದ ವರ್ಷ ಅಷ್ಟನ್ನೂ ಕೊಟ್ಟಿಗೆಯ ಹಿಂದೆ ಎದೆಯೆತ್ತರಕ್ಕೆ ಒಟ್ಟಿ, ಸಾರ ಮಳೆಗೆ ತೊಳೆದುಹೋಗಬಾರದೆಂದು ಮೇಲೆ ತಗಡು ಹೊದಿಸಿದೆ.

ಮರುವರ್ಷ ಜನವರಿಯಲ್ಲಿ ಗುದ್ದಲಿ ಹಾಕಿದಾಗ ಅಂಚಿನ ಒಂದು ಗೇಣು ಮಾತ್ರ ಕಪ್ಪಾಗಿತ್ತು. ಒಳಗಿನ ಸಿಪ್ಪೆ ನಾರುನಾರಾಗಿ, ಒಟ್ಟಿದಂತೆಯೇ ಇತ್ತು. ಒಂದು ವರ್ಷ ವ್ಯರ್ಥವಾಯಿತೆಂದು ನನಗೆ ಬಹಳ ಬೇಸರವಾಯಿತು. ದೊಡ್ಡಪ್ಪ ಬಂದು ಒಂದು ಹಿಡಿ ತೆಗೆದು ಹಿಸುಕಿ ನೋಡಿ, "ಇದಕ್ಕೆ ನೀರೂ ಕೊಡಲಿಲ್ಲ, ಸಗಣಿಯೂ ಕೊಡಲಿಲ್ಲ. ಮತ್ತೆ ಹೇಗೆ ಕೊಳೆಯಬೇಕು ತಮಾ?" ಎಂದರು.

ಅವರು ಕೈಯಿಂದ ತಿಳಿದದ್ದನ್ನೇ ಕೃಷಿ ಪುಸ್ತಕಗಳು ಲೆಕ್ಕದಲ್ಲಿ ಹೇಳುತ್ತವೆ. ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡಲು ಒಂದು ಪಾಲು ಸಾರಜನಕಕ್ಕೆ ಸುಮಾರು 25ರಿಂದ 30 ಪಾಲು ಇಂಗಾಲವಿರಬೇಕು. ಅಡಿಕೆ ಸಿಪ್ಪೆಯಲ್ಲಿ ಇಂಗಾಲ ಅದಕ್ಕಿಂತ ಬಹಳ ಹೆಚ್ಚು, ಜೊತೆಗೆ ನಾರನ್ನು ಗಟ್ಟಿಯಾಗಿಸುವ, ಬೇಗ ಕೊಳೆಯದ ಲಿಗ್ನಿನ್ ಎಂಬ ಅಂಶ ಬೇರೆ. ಕೊರತೆಯ ಸಾರಜನಕವನ್ನು ಸಗಣಿ, ಹಸಿರು ಸೊಪ್ಪಿನಿಂದಲೇ ತುಂಬಬೇಕು.

ಅದೇ ದಿನ ರಾಶಿಯನ್ನು ಬುಡದವರೆಗೆ ಬಿಚ್ಚಿದೆವು. ಬಿಚ್ಚುವಾಗ ಅಂಚಿನ ಕಪ್ಪು ಭಾಗದಲ್ಲಿ ಹೆಬ್ಬೆರಳ ಗಾತ್ರದ ಬಿಳಿ ಹುಳುಗಳು ಸಿಕ್ಕವು. ಅವು ಕುರುವಾಯಿ ದುಂಬಿಯ ಮರಿಗಳು. ಬೆಳೆದರೆ ತೆಂಗಿನ ಸುಳಿಯನ್ನೇ ಕೊರೆಯುತ್ತವೆ. ಹೀಗಾಗಿ ಒಂದನ್ನೂ ಬಿಡದೆ ಆರಿಸಿದೆವು. ಬಳಿಕ ಒಂದು ಪದರ ಸಿಪ್ಪೆ, ಅದರ ಮೇಲೆ ಹಸಿರೆಲೆ ಗೊಬ್ಬರಕ್ಕೆ ಬೆಳೆಸುವ ಗ್ಲಿರಿಸಿಡಿಯಾ ಮರದ ಸೊಪ್ಪು, ಅದರ ಮೇಲೆ ಸಗಣಿ ನೀರು, ನಡುವೆ ಅಡುಗೆಮನೆಯ ಹಸಿಕಸ, ಹೀಗೆ ಸಂಜೆಯವರೆಗೆ ಒಟ್ಟಿದೆವು. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟೇ ತೇವವಿರಲಿ, ಹೆಚ್ಚಾದರೆ ಗಾಳಿ ಸಿಗದೆ ನಾರುತ್ತದೆ ಎಂದು ದೊಡ್ಡಪ್ಪ ಪ್ರತಿ ಪದರಕ್ಕೂ ಎಚ್ಚರಿಸುತ್ತಿದ್ದರು.

ನಾಲ್ಕನೆಯ ಬೆಳಿಗ್ಗೆ, ರಾತ್ರಿ ರಾಶಿಗೆ ಚುಚ್ಚಿಟ್ಟಿದ್ದ ಹಾರೆಯನ್ನು ಎಳೆದು ತುದಿ ಮುಟ್ಟಿದೆ. ಕೈ ಇಡಲಾಗದಷ್ಟು ಕಾದಿತ್ತು. ತೂತಿನಿಂದ ಹಬೆ ಏಳುತ್ತಿತ್ತು. ಒಳಗೆ ಕೊಳೆಯುವ ಕೆಲಸ ಶುರುವಾಗಿತ್ತು. ನನಗಾದ ಸಂತೋಷವನ್ನು ಇಂದಿಗೂ ಮರೆತಿಲ್ಲ. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಆಮೇಲೆ ಬಿಸಿ ಇಳಿದಾಗಲೆಲ್ಲ ಮಗುಚಿ ನೀರು ಚಿಮುಕಿಸಿದೆವು. ಸೆಪ್ಟೆಂಬರಿನಲ್ಲಿ ಮಳೆ ಕಡಿಮೆಯಾದ ಮೇಲೆ ಮರವೊಂದಕ್ಕೆ 12 ಕಿಲೋದ ಲೆಕ್ಕದಲ್ಲಿ ಹೆಡಿಗೆ ತುಂಬಿ ಬುಡಗಳಿಗೆ ಹಾಕಿದೆವು. ಅರ್ಧ ತೋಟಕ್ಕೆ ಸಾಕಾಯಿತು. ಇನ್ನೂ ನಾರು ಬಿಡದಿದ್ದ ಸಿಪ್ಪೆಯನ್ನು ಮುಂದಿನ ರಾಶಿಯ ತಳಕ್ಕೆಂದು ದೊಡ್ಡಪ್ಪ ಬೇರೆಯಾಗಿ ಎತ್ತಿಟ್ಟರು.