14ನೇ ನಂಬರಿನ ಹಲ್ಲು

ವಿಜಯಪುರದ ಒಂದು ಹಲ್ಲಿನ ದವಾಖಾನೆಯಲ್ಲಿ ಡಾಕ್ಟರ್ ಪಕ್ಕ ನಿಂತು ಮಾಡುವ ಕೆಲಸ ನನ್ನದು. ಕಾರ್ಡ್ ಬರೆಯೋದು, ಎಕ್ಸ್‌ರೇಗೆ ಕೂರಿಸೋದು, ಸಕ್ಷನ್ ಪೈಪ್ ಹಿಡಿಯೋದು. ಆಮೇಲೆ ಹೊರಗೆ ಬಂದು "ಸಾಹೇಬ್ರು ಏನಂದ್ರು?" ಅಂತ ಕೇಳುವವರಿಗೆ ಬಿಡಿಸಿ ಹೇಳೋದು. ಈ ಕೊನೆಯ ಕೆಲಸ ಯಾರೂ ಕೊಟ್ಟಿದ್ದಲ್ಲ, ತಾನಾಗಿ ನನ್ನ ಪಾಲಿಗೆ ಬಂತು.

ಸೇರಿದ ವರ್ಷವೇ ಒಂದು ತಪ್ಪು ಮಾಡಿದೆ. ಅಮೆರಿಕದಲ್ಲಿ ಮಗನ ಮನೆಯಲ್ಲಿ ಆರು ತಿಂಗಳು ಇದ್ದು ಬಂದ ಕಾಕಾ ಒಬ್ಬರು ಅಲ್ಲಿನ ಡೆಂಟಿಸ್ಟ್ ಕೊಟ್ಟ ಕಾಗದ ತಂದಿದ್ದರು. 14ನೇ ಹಲ್ಲು, ಆಳದ ಹುಳುಕು ಅಂತ ಅದರಲ್ಲಿತ್ತು. ಡಾಕ್ಟರ್ ಒಳಗೆ ಬೇರೆ ಪೇಷಂಟ್ ನೋಡುತ್ತಿದ್ದರು. ನಾನು ಜಾಣೆಯ ಹಾಗೆ 14ರ ಎಕ್ಸ್‌ರೇ ತೆಗೆದಿಟ್ಟೆ. ನೋಡಿದರೆ ಹಲ್ಲು ಜೋಳದ ಕಾಳಿನ ಹಾಗೆ ಗಟ್ಟಿಮುಟ್ಟಾಗಿದೆ!

"ತಂಗಿ, ನನಗ ನೋವು ಈ ಕಡೆ ಐತಿ" ಅಂತ ಕಾಕಾ ಎಡಗೆನ್ನೆ ಮುಟ್ಟಿ ತೋರಿಸಿದರು.

"ಮೊದಲೇ ಯಾಕ ಹೇಳ್ಲಿಲ್ರಿ ಕಾಕಾ?"

"ಬಾಯಾಗ ಪ್ಲಾಸ್ಟಿಕ್ ತುರುಕಿದ್ದಿ, ಹೆಂಗ ಹೇಳ್ಲಿ?"

ಆಗಿದ್ದು ಇಷ್ಟು. ನಮ್ಮಲ್ಲಿ ಹಲ್ಲಿಗೆ ಎರಡು ಅಂಕಿ ಬರೆಯುತ್ತೇವೆ. ಬಾಯಿಯನ್ನು ನಾಲ್ಕು ಪಾಲು ಮಾಡಿ, ಮೇಲಿನ ಬಲಗಡೆಗೆ 1, ಮೇಲಿನ ಎಡಗಡೆಗೆ 2, ಕೆಳಗಿನ ಎಡಗಡೆಗೆ 3, ಕೆಳಗಿನ ಬಲಗಡೆಗೆ 4. ಇದು ಮೊದಲ ಅಂಕಿ. ಎರಡನೆಯದು, ನಡುವಿನ ಮುಂದಿನ ಹಲ್ಲಿನಿಂದ ಹಿಂದಕ್ಕೆ ಎಣಿಸಿದ ಲೆಕ್ಕ. ಹಾಗಾಗಿ 14ನ್ನು ಹದಿನಾಲ್ಕು ಅಂತ ಓದಲೇಬಾರದು, ಒಂದು-ನಾಲ್ಕು ಅನ್ನಬೇಕು. ಅಂದರೆ ಮೇಲೆ ಬಲಗಡೆ, ಕೋರೆ ಹಲ್ಲಿನ ಹಿಂದಿನದು. ಅಮೆರಿಕದವರು ಹೀಗೆ ಮಾಡಲ್ಲ. ಮೇಲಿನ ಬಲಗಡೆಯ ಕೊನೆಯ ಹಲ್ಲಿಂದ ಶುರು ಮಾಡಿ 1ರಿಂದ 32ರವರೆಗೆ ಸುತ್ತು ಹೊಡೆಯುತ್ತಾರೆ. ಅವರ 14 ನಮ್ಮ 26. ಎಡಗಡೆಯ ದೊಡ್ಡ ದವಡೆ ಹಲ್ಲು! ಒಂದೇ ನಂಬರ್, ಬಾಯಿಯ ಎರಡು ದಿಕ್ಕು. ಎಕ್ಸ್‌ರೇಗೆ ಮುಗಿಯಿತು, ಪುಣ್ಯ. ಹಲ್ಲು ಕೀಳುವ ಚೀಟಿ ಆಗಿದ್ದರೆ? ಅವತ್ತಿನಿಂದ ಕಾಗದದಲ್ಲಿ ಏನೇ ಬರೆದಿರಲಿ, ಪೇಷಂಟ್ ಹಲ್ಲಿನ ಮೇಲೆ ಬೆರಳು ಇಟ್ಟು ತೋರಿಸದೆ ನಾನು ಮುಂದಕ್ಕೆ ಹೋಗಲ್ಲ.

ಇನ್ನೊಂದು ಕ್ಯಾಲ್ಕುಲಸ್. ಕಾಲೇಜು ಹುಡುಗ ಒಬ್ಬ ಕಾರ್ಡಿನಲ್ಲಿ ಈ ಪದ ನೋಡಿ, ಮೊಬೈಲಿನಲ್ಲಿ ಹುಡುಕಿ, ಕಿಡ್ನಿ ಸ್ಟೋನ್ ಅಂತ ಓದಿ ಬೆವತುಬಿಟ್ಟಿದ್ದ. ಅವನದೂ ತಪ್ಪಲ್ಲ. ಲ್ಯಾಟಿನ್ನಿನಲ್ಲಿ ಕ್ಯಾಲ್ಕುಲಸ್ ಅಂದರೆ ಸಣ್ಣ ಕಲ್ಲು. ಕಿಡ್ನಿಯಲ್ಲಿದ್ದರೂ ಅದೇ ಹೆಸರು, ಹಲ್ಲಿನ ಬುಡದಲ್ಲಿ ಗಟ್ಟಿಯಾಗಿ ಕೂತ ಪಾಚಿಗೂ ಅದೇ ಹೆಸರು. ಹಿಂದೆ ಕಲ್ಲು ಇಟ್ಟು ಲೆಕ್ಕ ಮಾಡುತ್ತಿದ್ದರಲ್ವಾ, ಅವನ ಗಣಿತದ ಕ್ಯಾಲ್ಕುಲಸ್ ಬಂದಿದ್ದೂ ಅದೇ ಕಲ್ಲಿನಿಂದ. ಇದನ್ನು ಹೇಳಿದ ಮೇಲೆ ನಕ್ಕ, ಕ್ಲೀನಿಂಗ್ ಮಾಡಿಸಿಕೊಂಡು ಹೋದ.

ನಗು ಬರದ ಪ್ರಸಂಗ ಟಿಡಿಎಸ್‌ದು. ತೆರಿಗೆಯ ಟಿಡಿಎಸ್ ಅಲ್ಲ. ಔಷಧ ಚೀಟಿಯಲ್ಲಿ ಇದರ ಅರ್ಥ ದಿನಕ್ಕೆ ಮೂರು ಸಲ. ಅದೂ ಲ್ಯಾಟಿನ್ನೇ. ಬಿ.ಡಿ. (BD) ಅಂದರೆ ಎರಡು ಸಲ, ಎಸ್‌ಒಎಸ್ ಅಂದರೆ ಬೇಕಾದರೆ ಮಾತ್ರ. ತಿಕೋಟಾ ಕಡೆಯ ರೈತರೊಬ್ಬರು ದವಡೆ ಊದಿಸಿಕೊಂಡು ಬಂದಿದ್ದರು. ಐದು ದಿನಕ್ಕೆ 15 ಗುಳಿಗೆ ಕೊಟ್ಟು "ಊಟ ಆದ ಮೇಲೆ ಒಂದೊಂದು" ಅಂತ ನಾನೇ ಹೇಳಿ ಕಳಿಸಿದ್ದೆ. ಮೂರು ದಿನ ಬಿಟ್ಟು ಬಂದರು, ಬಾವು ಇಳಿದೇ ಇಲ್ಲ. ಗುಳಿಗೆ ತೆಗೆಸಿ ಎಣಿಸಿದೆ. ಆರು ಉಳಿದಿರಬೇಕಿತ್ತು, ಒಂಬತ್ತು ಇದ್ದವು. "ನಾವು ಉಣ್ಣೋದs ಎರಡ ಹೊತ್ರಿ ಅಕ್ಕಾರ" ಅಂದರು. ಹತ್ತು ಗಂಟೆಗೆ ರೊಟ್ಟಿ, ಹೊಲದಿಂದ ಬಂದು ರಾತ್ರಿ ಊಟ. ಅವರು ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದರು. ಈಗ ಊಟದ ಮಾತೇ ಎತ್ತಲ್ಲ. ಮುಂಜಾನೆ 6, ಮಧ್ಯಾಹ್ನ 2, ರಾತ್ರಿ 10 ಅಂತ ಗುಳಿಗೆ ಚೀಟಿಯ ಮೇಲೆ ಬರೆದು ಕೊಡುತ್ತೇನೆ.

ಹೆಸರಿನ ಬಾಲ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಕೊನೆಗೆ ಐಟಿಸ್ ಬಂತಾ, ಬಾವು. ಜಿಂಜಿವೈಟಿಸ್ ವಸಡಿನ ಬಾವು, ಪಲ್ಪೈಟಿಸ್ ಹಲ್ಲಿನ ಒಳಗಿನ ಪಲ್ಪಿನ ಬಾವು. ಪುಸ್ತಕದಲ್ಲಿ ಉರಿಯೂತ ಅಂತಾರೆ. ನಮ್ಮ ದವಾಖಾನೆಯಲ್ಲಿ ಆ ಪದ ಆಡಿದ ಒಬ್ಬ ಪೇಷಂಟನ್ನೂ ನಾನು ಕಂಡಿಲ್ಲ.

ಜಾಸ್ತಿ ಕಾಡಿದ್ದು ಈ ಪಲ್ಪ್ ಅನ್ನೋ ಪದವೇ. ನರ, ರಕ್ತನಾಳ ಎಲ್ಲ ಇರುವ ಮೆತ್ತಗಿನ ಭಾಗ ಅದು. ರೂಟ್ ಕೆನಾಲ್‌ನಲ್ಲಿ ತೆಗೆಯುವುದು ಅದನ್ನೇ. ಮೊದಮೊದಲು ನಾನು "ನರ ತೆಗೀತಾರೆ" ಅನ್ನುತ್ತಿದ್ದೆ. ಅಷ್ಟಕ್ಕೇ ಅರ್ಧ ಜನ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ಮೇಲಿನ ಹಲ್ಲು ಮುಟ್ಟಿದರೆ ಕಣ್ಣು ಹೋಗುತ್ತೆ ಅನ್ನೋ ಹೆದರಿಕೆ ಇಲ್ಲಿ ಬಲವಾಗಿದೆ. ನೋಡುವ ನರವೇ ಬೇರೆ, ಹಲ್ಲಿನ ನರವೇ ಬೇರೆ ಅಂತ ಹೇಳಿ ಹೇಳಿ ಸಾಕಾಗಿ, ತಿರುಳು ಅನ್ನೋದು ರೂಢಿ ಮಾಡಿಕೊಂಡೆ.

ಹೋದ ತಿಂಗಳು ಆಯಿ ಒಬ್ಬರು ಬಂದಿದ್ದರು. ಡಾಕ್ಟರ್ ತಣ್ಣಗಿನ ಹತ್ತಿ ಮುಟ್ಟಿಸಿದರೆ ಆ ಹಲ್ಲಿಗೆ ಏನೂ ಗೊತ್ತಾಗಲಿಲ್ಲ. "ನಾನ್‌ವೈಟಲ್, ಬರ್ಕೋ" ಅಂದರು. ಆಯಿ ನನ್ನ ಮುಖ ನೋಡಿದರು.

"ಒಳಗಿನ ತಿರುಳು ಸತ್ತೈತಿ ಆಯಿ."

"ಹಲ್ಲಿನ ಜೀವ ಹೋಗೇತಿ ಅನ್ನಲಾ."

ನಾನ್‌ವೈಟಲ್‌ಗೆ ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಹೊಳೆದಿರಲಿಲ್ಲ. ಹೂಂ ಅಂದೆ.

"ಹಂಗಾದ್ರ ಹೆಣ ಯಾಕ ಬಾಯಾಗ ಇಟ್ಕೋಬೇಕು? ಕಿತ್ತು ಒಗೀರಿ!"

ಡಾಕ್ಟರ್ ಮಾಸ್ಕ್ ಒಳಗೇ ನಕ್ಕರು. ನಾನು ಏನು ಹೇಳಲಿ ಅಂತ ಮೇಲೆ ಕೆಳಗೆ ನೋಡಿ, "ಆಯಿ, ನಿಮ್ಮ ಮನಿ ತೊಲಿ ಹಸೀ ಕಟ್ಟಿಗಿದೇನು? ಒಣಗಿದ್ದಲ್ಲ? ಒಳಗ ಸ್ವಚ್ಛ ಮಾಡಿ ತುಂಬಿ, ಮ್ಯಾಲ ಟೋಪಿಗಿ ಹಾಕಿದ್ರ ಇದೂ ಹಂಗs ನಿಲ್ತೈತಿ" ಅಂದೆ.

ಆಯಿ ನಾಲಿಗೆಯಿಂದ ಹಲ್ಲನ್ನು ಒಂದು ಸಲ ತಡವಿಕೊಂಡರು. "ಸೋಮವಾರ ಬರ್ತೀನಿ. ರವಿವಾರ ನಮ್ಮೂರ ಸಂತಿ ಐತಿ" ಅಂದು ಎದ್ದರು.