ಎಸ್1 ಜಾಸ್ತಿ ಬಂದ ದಿನ

ಕಲ್ಲನ್ನು ಕಾಯಿಸಿ, ಅದರಲ್ಲಿರುವ ಮತ್ತು ಅದರಿಂದ ಹುಟ್ಟಬಲ್ಲ ಎಣ್ಣೆ-ಗ್ಯಾಸನ್ನು ಅಳೆಯುವುದು ರಾಕ್-ಇವಾಲ್ ಯಂತ್ರ. ಅದಕ್ಕೆ ದಿನದ ಮೊದಲ ತುತ್ತು ಯಾವತ್ತೂ ಅಂಕಿ ಮೊದಲೇ ಗೊತ್ತಿರುವ ಸ್ಟ್ಯಾಂಡರ್ಡ್ ಪುಡಿಯದೇ. ನಾವು ಹಾಕುವ ಐಎಫ್‌ಪಿ 160000 ಪುಡಿಯ ಟಿಮ್ಯಾಕ್ಸ್, ಅಂದರೆ ಕಲ್ಲು ಎಷ್ಟು ಬೆಂದಿದೆ ಎಂದು ತಿಳಿಸುವ ಉಷ್ಣತೆ, 416 ಡಿಗ್ರಿ ಸೆಲ್ಸಿಯಸ್. ಆಚೀಚೆ ಎರಡು ಡಿಗ್ರಿ ಆದರೆ ಸರಿ, ಅದಕ್ಕಿಂತ ಜಾರಿದರೆ ಬೇರೆ ಸ್ಯಾಂಪಲ್ ಮುಟ್ಟುವಂತಿಲ್ಲ. ಆವತ್ತು 416ಕ್ಕೇ ಬಂತು. ಆಮೇಲೆ ಸಿಕ್ಕ ಅಂಕಿಗಳಿಗೆ ಯಂತ್ರವನ್ನು ದೂರುವಂತಿರಲಿಲ್ಲ.

ಬಂದಿದ್ದ ಕಲ್ಲು ಗುಜರಾತಿನ ಕ್ಯಾಂಬೆ ಶೇಲ್. ನಮ್ಮ ಬೀದರ್, ಬೆಳಗಾವಿ ಕಡೆ ಕಾಲಡಿಯಲ್ಲೇ ಸಿಗುವ ಡೆಕ್ಕನ್ ಟ್ರ್ಯಾಪ್ ಕಪ್ಪುಕಲ್ಲು ಅಲ್ಲಿ ಆಳಕ್ಕೆ ಕುಸಿದು ಬೋಗುಣಿಯ ತಳವಾಗಿದೆ. ಅದರ ಮೇಲೆ ಪದರಪದರವಾಗಿ ಕೂತ ಹಳೆಯ ಕೆಸರೇ ಈ ಶೇಲ್. 1960ರಲ್ಲಿ ಅಂಕಲೇಶ್ವರದಲ್ಲಿ ಸಿಕ್ಕ ಎಣ್ಣೆಯ ಮುಖ್ಯ ಮೂಲವೂ ಇದೇ ಎಂದು ಒಪ್ಪಲಾಗಿದೆ. ಆದ್ದರಿಂದ ಈ ಶೇಲ್ ಎಣ್ಣೆ ಕೊಡುತ್ತದೆಯೇ ಎಂಬುದಲ್ಲ ಪ್ರಶ್ನೆ. ಈ ಜಾಗದಲ್ಲಿ, ಈ ಆಳದಲ್ಲಿ, ಎಷ್ಟು ಕೊಟ್ಟೀತು ಎಂಬುದು.

ಕೈಗೆ ಬಂದದ್ದು ಬಾವಿಯಿಂದ ಇಡಿಯಾಗಿ ತೆಗೆದ ಕಲ್ಲಿನ ತುಂಡು (ಕೋರ್) ಅಲ್ಲ, ಕೊರೆಯುವಾಗ ಮೇಲೆ ಬರುವ ಚೂರುಗಳು (ಕಟಿಂಗ್ಸ್). ತೊಳೆದು, 40 ಡಿಗ್ರಿ ಮೀರದಂತೆ ಒಣಗಿಸಬೇಕು. ಅವಸರಕ್ಕೆ ಬಿಸಿ ಹೆಚ್ಚಿಸಿದರೆ ಹಗುರ ಹೈಡ್ರೋಕಾರ್ಬನ್ ಅಲ್ಲೇ ಹಾರಿಹೋಗುತ್ತದೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಹರಡಿ ಚಿಮಟದಲ್ಲಿ ಆರಿಸುವ ಕೆಲಸ. ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಮೇಲಿನ ಪದರದಿಂದ ಉದುರಿ ಬಂದ ಚೂರು ಬಣ್ಣದಲ್ಲೇ ಬೇರೆ ಕಾಣುತ್ತದೆ. ಬಿರುಕು ಮುಚ್ಚಲೆಂದು ಬಾವಿಗೆ ಸುರಿದ ಅಕ್ರೋಟಿನ ಸಿಪ್ಪೆ ಕಂದಾಗಿ, ನಾರುನಾರಾಗಿ ಸಿಗುತ್ತದೆ. ಕ್ಯಾಂಬೆ ಶೇಲ್‌ನಲ್ಲಿ ಇನ್ನೊಂದು ತೊಡಕು ಲಿಗ್ನೈಟ್ ಎಂಬ ಎಳೆಯ ಕಲ್ಲಿದ್ದಲು. ಸೂರತ್ ಜಿಲ್ಲೆಯ ವಸ್ತಾನ್ ಗಣಿಯಲ್ಲಿ ತೆಗೆಯುವುದು ಇದೇ ಶೇಲ್‌ನ ನಡುವಿನ ಲಿಗ್ನೈಟನ್ನೇ. ಹೊಳೆಯುವ ಅಂಥ ನಾಲ್ಕು ಕರಿ ಚೂರು ಪುಡಿಯಲ್ಲಿ ಸೇರಿದರೂ ಸಾವಯವ ಇಂಗಾಲದ ಅಂಕಿ ಉಬ್ಬಿಬಿಡುತ್ತದೆ. ಅದು ಶೇಲ್‌ನ ಇಂಗಾಲವಲ್ಲ.

ಆರಿಸಿದ ಚೂರನ್ನು ಕಲ್ಬತ್ತಿನಲ್ಲಿ ಕುಟ್ಟಿ, ಜರಡಿ ಹಿಡಿದು ಎರಡು ಪಾಲು ಮಾಡಿದೆವು. ಒಂದು ಪಾಲು ಒಟ್ಟು ಸಾವಯವ ಇಂಗಾಲಕ್ಕೆ, ಅಂದರೆ ಟಿಒಸಿಗೆ: ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾರ್ಬೋನೇಟ್ ಕರಗಿಸಿ, ಆಮ್ಲ ಪೂರ್ತಿ ಹೋಗುವವರೆಗೆ ತೊಳೆದು, ಒಣಗಿಸಿ ಸುಡುವುದು. ಡಾಲಮೈಟ್, ಸಿಡರೈಟ್ ಎಂಬ ಕಾರ್ಬೋನೇಟ್ ಖನಿಜಗಳು ತಣ್ಣಗಿನ ಆಮ್ಲಕ್ಕೆ ಬೇಗ ಬಗ್ಗುವುದಿಲ್ಲ. ಬಿಸಿ ಮಾಡದಿದ್ದರೆ ಖನಿಜದ ಇಂಗಾಲವೂ ಲೆಕ್ಕಕ್ಕೆ ಸೇರಿ ಕಲ್ಲು ಇದ್ದದ್ದಕ್ಕಿಂತ ಸಿರಿವಂತವಾಗಿ ಕಾಣುತ್ತದೆ.

ಇನ್ನೊಂದು ಪಾಲಿನಿಂದ ಸುಮಾರು 60 ಮಿಲಿಗ್ರಾಂ ರಾಕ್-ಇವಾಲ್‌ಗೆ. ನೈಟ್ರೋಜನ್ ಹರಿವಿನಲ್ಲಿ 300 ಡಿಗ್ರಿಗೆ ಮೂರು ನಿಮಿಷ ನಿಲ್ಲಿಸಿದಾಗ ಕಲ್ಲಿನಲ್ಲಿ ಆಗಲೇ ಇರುವ ಹೈಡ್ರೋಕಾರ್ಬನ್ ಹೊರಬರುತ್ತದೆ, ಅದು ಎಸ್1. ಅಲ್ಲಿಂದ ನಿಮಿಷಕ್ಕೆ 25 ಡಿಗ್ರಿಯಂತೆ 650ರವರೆಗೆ ಏರಿಸಿದಾಗ ಕೆರೋಜೆನ್ (ಕಲ್ಲಿನಲ್ಲಿ ಹುದುಗಿದ, ಬೆಂದರೆ ಎಣ್ಣೆ-ಗ್ಯಾಸ್ ಕೊಡುವ ಘನ ಸಾವಯವ ವಸ್ತು) ಒಡೆದು ಬರುವುದು ಎಸ್2. ಎಸ್2 ತುದಿ ಮುಟ್ಟುವ ಉಷ್ಣತೆಯಿಂದ ಟಿಮ್ಯಾಕ್ಸ್ ಸಿಗುತ್ತದೆ.

ಒಂದು ಸ್ಯಾಂಪಲ್‌ನಲ್ಲಿ ಟಿಒಸಿ ಶೇ. 3, ಎಸ್1 ಗ್ರಾಂಗೆ 4 ಮಿಲಿಗ್ರಾಂ, ಎಸ್2 6, ಟಿಮ್ಯಾಕ್ಸ್ 424. ಬಿಡಿಬಿಡಿಯಾಗಿ ನೋಡಿದರೆ ಖುಷಿಪಡಬೇಕಾದ ಅಂಕಿಗಳು. ಒಟ್ಟಿಗೆ ಇಟ್ಟರೆ ಹೊಂದುವುದಿಲ್ಲ. ಎಣ್ಣೆ ಹುಟ್ಟುವ ಹದ ಸುಮಾರು 435ಕ್ಕೆ ಶುರು. 424 ಅಂದರೆ ಕಲ್ಲು ಇನ್ನೂ ಹಸಿ. ಹಸಿ ಕಲ್ಲಿನಲ್ಲಿ ಎಸ್1ನ್ನು ಎಸ್1, ಎಸ್2ರ ಮೊತ್ತದಿಂದ ಭಾಗಿಸಿದರೆ 0.1ರ ಆಸುಪಾಸು, ಇಲ್ಲವೇ ಅದಕ್ಕೂ ಕಡಿಮೆ ಬರಬೇಕು. ಇಲ್ಲಿ 0.4. ಬೇಯದ ಅಕ್ಕಿಯಿಂದ ಗಂಜಿ ಬಸಿದ ಹಾಗೆ. ಎಸ್2ರ ಗೆರೆಯಲ್ಲೂ ಎಡಗಡೆ ಸಣ್ಣ ಭುಜವೊಂದು ಎದ್ದಿತ್ತು.

ಇದಕ್ಕೆ ಕಾರಣ ಎರಡೇ: ಬೇರೆ ಕಡೆಯಿಂದ ಹರಿದುಬಂದ ಎಣ್ಣೆ, ಇಲ್ಲವೇ ಕೊರೆಯುವಾಗ ಬೆರೆತದ್ದು. ಬಾವಿಯ ಮಡ್, ಅಂದರೆ ಕೊರೆಯುವಾಗ ಹರಿಸುವ ಕೆಸರುದ್ರವದ ದಾಖಲೆ ತೆಗೆಸಿ ನೋಡಿದರೆ ಆ ಆಳದಲ್ಲಿ ಪೈಪ್ ಸಿಕ್ಕಿಹಾಕಿಕೊಂಡು, ಬಿಡಿಸಲು ಡೀಸೆಲ್ ಬಿಟ್ಟಿದ್ದರು. ಅದಕ್ಕೂ ಮೊದಲೇ ಶೇಲ್ ಕುಸಿಯದಿರಲೆಂದು ಮಡ್‌ಗೆ ಸಲ್ಫೋನೇಟೆಡ್ ಆಸ್ಫಾಲ್ಟ್ ಹಾಕಿದ್ದರು. ಸ್ಯಾಂಪಲ್ ಚೀಲದ ಮೇಲೆ ಇದರ ಒಂದಕ್ಷರವೂ ಇರಲಿಲ್ಲ. ಬರೆಯಲೇಬೇಕಾದ ಮಾತು ಅದು.

ಪುಡಿಯನ್ನು ದ್ರಾವಕ ಮತ್ತೆ ಮತ್ತೆ ಹರಿಸಿ ತೊಳೆಯುವ ಸಾಕ್ಸ್‌ಲೆಟ್‌ನಲ್ಲಿಟ್ಟು ಡೈಕ್ಲೋರೋಮೀಥೇನ್‌ನಿಂದ ಒಂದು ಹಗಲು ಒಂದು ರಾತ್ರಿ ತೊಳೆದೆವು. ಕರಗಿ ಬಂದದ್ದನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ಗೆ ಹಾಕಿದಾಗ 10ರಿಂದ 25 ಇಂಗಾಲದ ಪರಮಾಣುಗಳಿರುವ ಅಣುಗಳವರೆಗೆ ದಿಬ್ಬ, ಆಮೇಲೆ ದಿಢೀರ್ ಇಳಿತ. ಡೀಸೆಲ್ಲಿನ ಗುರುತು ಅದು. ಆಚೆ 27, 29, 31ರಲ್ಲಿ ಬೆಸ ಸಂಖ್ಯೆಗಳದೇ ಮೇಲುಗೈಯಾಗಿ ಸಣ್ಣ ಶಿಖರಗಳಿದ್ದವು: ನೆಲದ ಗಿಡಗಳ ಎಲೆಮೇಣದಿಂದ ಬಂದ, ಕಲ್ಲಿನದೇ ಆದ ಪಾಲು.

ತೊಳೆದ ಪುಡಿಯನ್ನು ಮತ್ತೆ ಓಡಿಸಿದಾಗ ಎಸ್1 ಇಲ್ಲವೆನ್ನುವಷ್ಟು. ಎಸ್2 3.75, ಟಿಒಸಿ 2.5, ಟಿಮ್ಯಾಕ್ಸ್ 431, ಭುಜವೂ ಮಾಯ. ಎಸ್2ನ್ನು ಟಿಒಸಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಹೈಡ್ರೋಜನ್ ಸೂಚ್ಯಂಕ 200ರಿಂದ 150ಕ್ಕೆ ಇಳಿಯಿತು. ತೊಳೆಯುವಾಗ ಕಲ್ಲಿನ ಸ್ವಂತ ಬಿಟುಮೆನ್ನೂ (ದ್ರಾವಕದಲ್ಲಿ ಕರಗುವ ಸಾವಯವ ಪಾಲು) ಹೋಗಿರುತ್ತದೆ, ಹಾಗಾಗಿ 150 ಸ್ವಲ್ಪ ಕಡಿಮೆಯೇ ಇದ್ದೀತು. ಆದರೂ ಚಿತ್ರ ಸ್ಪಷ್ಟ: ಇದು ನೆಲದ ಗಿಡಮರಗಳ ಕೆರೋಜೆನ್. ಬೆಂದರೆ ಹೆಚ್ಚಾಗಿ ಗ್ಯಾಸ್, ಜೊತೆಗೆ ಒಂದಿಷ್ಟು ಎಣ್ಣೆ. ಈ ಆಳದಲ್ಲಿ ಇನ್ನೂ ಬೆಂದಿಲ್ಲ.

ವರದಿಯಲ್ಲಿ ತೊಳೆಯುವ ಮೊದಲಿನ ಸಾಲನ್ನೂ ಆಮೇಲಿನದನ್ನೂ ಒಂದರ ಕೆಳಗೊಂದು ಇಟ್ಟೆವು. ಇದೇ ಪದರ ಬೋಗುಣಿಯ ನಡುವೆ ಇನ್ನೂ ಆಳಕ್ಕೆ ಇಳಿದ ಕಡೆಯಿಂದ ಸೈಡ್‌ವಾಲ್ ಕೋರ್ (ಬಾವಿಯ ಗೋಡೆಯಿಂದಲೇ ತೆಗೆದ ತುಂಡು) ಕೇಳಿದೆವು, ಮಡ್‌ಗೆ ಏನನ್ನು ಯಾವ ಆಳದಲ್ಲಿ ಬೆರೆಸಿದರೆಂಬ ಪಟ್ಟಿಯ ಜೊತೆಗೆ.