“ಓಡ್ತಿಲ್ಲ ಮೇಡಂ” ಅಂದರೆ ಸಾಲದು

ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಪ್ರೋಗ್ರಾಂ ಕೈಕೊಟ್ಟರೆ ನಾವು ಸುಮ್ನೆ ಮೇಡಂ ಹತ್ತಿರ ಹೋಗುವಂತಿರಲಿಲ್ಲ. ಮೊದಲು ಒಂದು ಚೀಟಿ ಬರೆಯಬೇಕಿತ್ತು. ಏನು ಮಾಡಿದೆ? ಏನು ಬರುತ್ತೆ ಅಂದುಕೊಂಡಿದ್ದೆ? ಏನು ಬಂತು? ಈ ಮೂರಕ್ಕೂ ಉತ್ತರ ಇದ್ದರೆ ಮಾತ್ರ ಅವರು ಕುರ್ಚಿಯಿಂದ ಏಳುತ್ತಿದ್ದರು. ಬರೀ “ಓಡ್ತಿಲ್ಲ ಮೇಡಂ” ಎಂದವರಿಗೆ, “ಏನು ಓಡ್ತಿಲ್ಲಮ್ಮ? ಕಂಪೈಲೇ ಆಗ್ತಿಲ್ವಾ, ಆಗಿ ತಪ್ಪು ಉತ್ತರ ಬರ್ತಿದೆಯಾ, ಅರ್ಧದಲ್ಲಿ ನಿಂತಿದೆಯಾ? ಬರ್ಕೊಂಡು ಬಾ” ಎಂದು ವಾಪಸ್ ಕಳಿಸುತ್ತಿದ್ದರು.

ನಾನು ಈ ಕಾಲೇಜಿನಲ್ಲಿ ಇನ್ಫಾರ್ಮೇಶನ್ ಸೈನ್ಸ್ ಎಂಜಿನಿಯರಿಂಗ್ ಓದಿದ್ದು 2009ರಿಂದ 2013ರವರೆಗೆ. ಹಾಸ್ಟೆಲ್, ಕ್ಯಾಂಟೀನ್, ಕಾಲೇಜ್ ಡೇ ಬಗ್ಗೆ ನನ್ನ ಬ್ಯಾಚಿನವರು ಚೆನ್ನಾಗಿ ಬರೆಯುತ್ತಾರೆ. ನಾನು ಆ ಚೀಟಿಗಳ ಬಗ್ಗೆಯೇ ಬರೆಯಬೇಕು. ಸಾಫ್ಟ್‌ವೇರ್ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ, ಕಾಲೇಜಿನಲ್ಲಿ ಕಲಿತದ್ದರಲ್ಲಿ ದಿನಾ ಉಪಯೋಗಕ್ಕೆ ಬರುತ್ತಿರುವುದು ಯಾವುದು ಎಂದು ಯಾರಾದರೂ ಕೇಳಿದರೆ, ನನ್ನ ಬಾಯಿಗೆ ಮೊದಲು ಬರುವುದು ಅದೇ.

ಚೀಟಿ ಬರೆಯುವಾಗಲೇ ಎಷ್ಟೋ ಸಲ ತಪ್ಪು ಕಣ್ಣಿಗೆ ಬೀಳುತ್ತಿತ್ತು. “ಹತ್ತು ಸಂಖ್ಯೆ ಕೊಟ್ಟೆ, ಒಂಬತ್ತೇ ಪ್ರಿಂಟ್ ಆಯ್ತು” ಎಂದು ಬರೆದ ಕೂಡಲೇ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪು ಒಂದು ಸುತ್ತು ಮುಂಚೆ ನಿಲ್ಲುತ್ತಿದೆ ಎಂದು ಹೊಳೆಯುತ್ತಿತ್ತು. ಚೀಟಿ ಹರಿದುಹಾಕಿ ಮತ್ತೆ ಕೂರುತ್ತಿದ್ದೆವು. ಮೇಡಂಗೆ ಬೇಕಾಗಿದ್ದುದೂ ಅದೇ ಇರಬೇಕು.

ಇನ್ನೊಂದು ವಿಷಯ. ಚೀಟಿಯನ್ನು ಕನ್ನಡದಲ್ಲೂ ಬರೆಯಬಹುದಿತ್ತು. ನಮ್ಮಲ್ಲಿ ತುಂಬ ಜನ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ‘ಕಮ್ಯುನಿಕೇಶನ್ ಸ್ಕಿಲ್ಸ್’ ಎಂದರೆ ಪಟಪಟ ಇಂಗ್ಲಿಷ್ ಮಾತಾಡುವುದು ಎಂದೇ ನಮಗೆಲ್ಲ ಗೊತ್ತಿದ್ದದ್ದು. ಬೆಂಗಳೂರಿನಿಂದ ಬಂದ ಹುಡುಗ ಹುಡುಗಿಯರ ಮುಂದೆ ಬಾಯಿ ಬಿಡಲು ಹೆದರಿಕೆ. ಮೇಡಂ ಈ ಎರಡನ್ನೂ ಬೇರೆ ಬೇರೆ ಮಾಡಿದರು. ಹೇಳಬೇಕಾದ್ದು ನಿನ್ನ ತಲೆಯಲ್ಲಿ ಮೊದಲು ಸರಿಯಾಗಿ ಕೂರಲಿ, ಅದಕ್ಕೆ ನಿನ್ನ ಭಾಷೆ ಸಾಕು; ಇಂಗ್ಲಿಷ್ ಆಮೇಲೆ ನಾನು ತಿದ್ದಿಕೊಡ್ತೀನಿ ಎನ್ನುತ್ತಿದ್ದರು. ಹಾಗೇ ತಿದ್ದಿಯೂ ಕೊಟ್ಟರು. ಎರಡನೇ ವರ್ಷ ಮುಗಿಯುವ ಹೊತ್ತಿಗೆ ನಮ್ಮ ಚೀಟಿಗಳು ತಾವಾಗಿಯೇ ಇಂಗ್ಲಿಷಿಗೆ ತಿರುಗಿದ್ದವು. ಕಷ್ಟಪಟ್ಟು ಕಲಿತ ಇಂಗ್ಲಿಷ್ ಅದಲ್ಲ. ಏನು ಹೇಳಬೇಕೆಂದು ಗೊತ್ತಿದ್ದುದರಿಂದ ಬಂದ ಇಂಗ್ಲಿಷ್.

ಕೆಲಸಕ್ಕೆ ಸೇರಿದ ಮೇಲೆ ಆ ಚೀಟಿಯ ಬೆಲೆ ಇನ್ನೂ ಚೆನ್ನಾಗಿ ತಿಳಿಯಿತು. ನಮಗೂ ನಮ್ಮ ಜೊತೆ ಕೆಲಸ ಮಾಡುವ ಕ್ಯಾಲಿಫೋರ್ನಿಯಾದವರಿಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ನಾವು ಮನೆಗೆ ಹೊರಡುವಾಗ ಅವರು ಕಾಫಿ ಕುಡಿಯುತ್ತಾರೆ. ಇಲ್ಲಿಂದ “ಲಾಗಿನ್ ಆಗ್ತಿಲ್ಲ, ನೋಡಿ” ಎಂದಷ್ಟೇ ಬರೆದು ಕಳಿಸಿದರೆ, ಬೆಳಿಗ್ಗೆ ಬರುವಷ್ಟರಲ್ಲಿ “ಯಾವ ಬ್ರೌಸರ್? ಯಾವ ಬಗೆಯ ಬಳಕೆದಾರ? ಪರದೆಯಲ್ಲಿ ಏನು ಬಂತು?” ಎಂಬ ಪ್ರಶ್ನೆಗಳು ಕಾದಿರುತ್ತವೆ. ಒಂದು ದಿನ ಹೋಯಿತು. ಉತ್ತರ ಕೊಟ್ಟರೆ ಇನ್ನೊಂದು ಪ್ರಶ್ನೆ, ಇನ್ನೊಂದು ದಿನ. ಏನು ಮಾಡಿದೆ, ಏನು ಬರಬೇಕಿತ್ತು, ಏನು ಬಂತು ಎಂದು ಮೊದಲೇ ಬರೆದರೆ ರಾತ್ರಿಯೇ ಕೆಲಸ ಆಗಿರುತ್ತದೆ.

ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಎಂಬ ಸಾಫ್ಟ್‌ವೇರಿನಲ್ಲೂ ಇದೇ ಕಥೆ. ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಅದನ್ನು ಮಾಡಿದ್ದು ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕೆಲಸಕ್ಕಾಗಿ, ಅಂದರೆ ಒಬ್ಬರ ಮುಖ ಒಬ್ಬರು ನೋಡದ ಸಾವಿರಾರು ಜನರ ನಡುವಿನ ಕೆಲಸಕ್ಕಾಗಿ. ಕೋಡಿನಲ್ಲಿ ಏನು ಬದಲಾಯಿತು ಎಂಬುದನ್ನು ಗಿಟ್ ತಾನೇ ತೋರಿಸುತ್ತದೆ. ಯಾಕೆ ಬದಲಾಯಿಸಿದೆ ಎಂಬುದು ನಿಮಗೆ ಮಾತ್ರ ಗೊತ್ತು. ಬದಲಾವಣೆಯ ಜೊತೆ ಬರೆದಿಡುವ ಕಮಿಟ್ ಮೆಸೇಜಿನಲ್ಲಿ ಬರೀ ‘ಫಿಕ್ಸ್ಡ್’ ಎಂದು ಬರೆದು ಹೋದರೆ, ಮುಂದೆ ಆ ಸಾಲನ್ನು ಮುಟ್ಟುವವರು ಕತ್ತಲಲ್ಲಿ ಕೈಯಾಡಿಸಬೇಕಾಗುತ್ತದೆ. ಐವತ್ತು ಅಕ್ಷರದೊಳಗೆ ಒಂದು ಶೀರ್ಷಿಕೆ, ಕೆಳಗೆ ಕಾರಣ ಹೇಳುವ ನಾಲ್ಕು ಸಾಲು. ಹೆಚ್ಚೇನೂ ಬೇಡ.

ಮೇಡಂ ತೆಗೆದುಕೊಂಡ ಒಂದು ಕ್ಲಾಸು ನನಗೆ ಇನ್ನೂ ಹಾಗೇ ನೆನಪಿದೆ. ಸೆಮಿನಾರಿಗೆ ನಾವೆಲ್ಲ ಸ್ಲೈಡು ಮಾಡುತ್ತಿದ್ದ ದಿನಗಳು. ಅವರು ಪ್ರೊಜೆಕ್ಟರಿನಲ್ಲಿ ಒಂದೇ ಒಂದು ಸ್ಲೈಡು ಹಾಕಿ, “ಇದರಲ್ಲಿ ಮುಖ್ಯವಾದ ಸಾಲು ಯಾವುದು ಹುಡುಕಿ” ಎಂದರು. ಇಕ್ಕಟ್ಟಾದ ಸಾಲುಗಳು, ಚುಕ್ಕಿಯೊಳಗೊಂದು ಚುಕ್ಕಿ. ಯಾರಿಗೂ ಸಿಗಲಿಲ್ಲ. ಆಮೇಲೆ ಹೇಳಿದರು, ಇದು ನಾಸಾದ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಸ್ಲೈಡು ಎಂದು.

ಕಲ್ಪನಾ ಚಾವ್ಲಾ ಹೆಸರು ನಮಗೆಲ್ಲ ಶಾಲೆಯಿಂದಲೇ ಗೊತ್ತು. 2003ರ ಜನವರಿ 16ರಂದು ಅವರೂ ಸೇರಿ ಏಳು ಜನರಿದ್ದ ಕೊಲಂಬಿಯಾ ಹಾರಿತು. ಒಂದೂವರೆ ನಿಮಿಷದೊಳಗೆ ಹೊರಗಿನ ಇಂಧನ ಟ್ಯಾಂಕಿನಿಂದ ಫೋಮಿನ ತುಂಡೊಂದು ಕಳಚಿ ಎಡ ರೆಕ್ಕೆಗೆ ಬಡಿಯಿತು. ನೌಕೆ ಮೇಲಿರುವಾಗಲೇ ಎಂಜಿನಿಯರುಗಳು ಹಾನಿ ಎಷ್ಟಿರಬಹುದು ಎಂದು ಲೆಕ್ಕ ಹಾಕಿದರು. ಅದನ್ನು ಮೇಲಿನವರಿಗೆ ತಿಳಿಸಿದ್ದು ಸ್ಲೈಡುಗಳಲ್ಲಿ. ಈ ಸ್ಲೈಡಿನ ಶೀರ್ಷಿಕೆ ಓದಿದರೆ ಹೆದರುವಂಥದ್ದೇನೂ ಇಲ್ಲ ಅನ್ನಿಸುತ್ತದೆ. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ ಒಂದು ಸಾಲು: ಬಡಿದ ತುಂಡು 1920 ಘನ ಇಂಚು, ಹಿಂದೆ ಪರೀಕ್ಷೆ ಮಾಡಿದ್ದು 3 ಘನ ಇಂಚಿನ ತುಂಡಿನ ಮೇಲೆ. ಅಂದರೆ 640 ಪಟ್ಟು ದೊಡ್ಡದು. ಹಳೆಯ ಪರೀಕ್ಷೆಗಳ ಧೈರ್ಯದ ಮೇಲೆ ಏನನ್ನೂ ಹೇಳುವಂತಿಲ್ಲ ಎಂಬುದೇ ಅದರ ಅರ್ಥ. ಅದೇ ಶೀರ್ಷಿಕೆಯಾಗಬೇಕಿತ್ತು, ಅಲ್ವಾ? ಫೆಬ್ರವರಿ 1ರಂದು ಭೂಮಿಗೆ ಮರಳುವಾಗ ನೌಕೆ ಒಡೆದು ಏಳೂ ಜನ ತೀರಿಕೊಂಡರು.

ಅಪಘಾತಕ್ಕೆ ಸ್ಲೈಡೇ ಕಾರಣ ಎಂದು ಯಾರೂ ಹೇಳುವುದಿಲ್ಲ, ಮೇಡಂ ಕೂಡ ಹೇಳಲಿಲ್ಲ. ಆದರೆ ಅದೇ ವರ್ಷ ಆಗಸ್ಟಿನಲ್ಲಿ ಬಂದ ತನಿಖಾ ಮಂಡಳಿಯ ವರದಿ ಈ ಸ್ಲೈಡಿಗೆಂದೇ ಜಾಗ ಕೊಟ್ಟಿತು. ಇದನ್ನು ಓದಿದ ಹಿರಿಯ ಅಧಿಕಾರಿಗೆ ಜೀವಕ್ಕೇ ಅಪಾಯ ಇದೆ ಎಂದು ಗೊತ್ತಾಗದೆ ಹೋಗಿದ್ದರೆ ಆಶ್ಚರ್ಯವಿಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ತಾಂತ್ರಿಕ ವರದಿ ಬರೆಯುವ ಜಾಗದಲ್ಲೆಲ್ಲ ಸ್ಲೈಡು ಇಡುವ ಅಭ್ಯಾಸವನ್ನೂ ವರದಿ ಟೀಕಿಸಿತು. ಆ ದಿನ ಕ್ಲಾಸಿನಲ್ಲಿ ಯಾರೂ ಮಾತಾಡಲಿಲ್ಲ. ಸೆಮಿನಾರಿನ ನಮ್ಮ ಸ್ಲೈಡುಗಳೆಲ್ಲ ಅದೇ ವಾರ ಬದಲಾದವು. ಹೇಳಬೇಕಾದ್ದು ಶೀರ್ಷಿಕೆಗೆ ಏರಿತು, ಉಳಿದದ್ದು ಬಾಯಿಮಾತಿಗೆ ಬಂತು.

ಎಂಟನೇ ಸೆಮಿಸ್ಟರಿನಲ್ಲಿ ನಮ್ಮ ತಂಡ ಮಾಡಿದ ಪ್ರಾಜೆಕ್ಟು ಒಂದು ಹಳ್ಳಿಯ ಡೇರಿಗೆ. ಚನ್ನರಾಯಪಟ್ಟಣದ ಕಡೆಯ ಊರು, ತಂಡದ ಗೆಳತಿಯೊಬ್ಬಳದ್ದು. ಹಾಲು ಹಾಕುವವರ ಹೆಸರು, ಬೆಳಿಗ್ಗೆ ಸಂಜೆಯ ಹಾಲು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನ ಅಂಶ), ಬಟವಾಡೆ ಲೆಕ್ಕ. ಕೋಡು ಬರೆಯುವ ಮೊದಲು ಎಸ್‌ಆರ್‌ಎಸ್, ಅಂದರೆ ಸಾಫ್ಟ್‌ವೇರ್ ಏನೇನು ಮಾಡಬೇಕು ಎಂಬ ವಿವರ, ಬರೆಯಬೇಕಲ್ಲ, ಮೇಡಂ ಅದರ ಪ್ರತಿ ಸಾಲನ್ನೂ ಓದಿದರು. ‘ರಸೀತಿ ಬೇಗ ಬರಬೇಕು’ ಎಂದು ಬರೆದವರನ್ನು, ಬೇಗ ಅಂದರೆ ಎಷ್ಟು ಸೆಕೆಂಡು, ಆಗ ಸಾಲಿನಲ್ಲಿ ಎಷ್ಟು ಜನ ನಿಂತಿರುತ್ತಾರೆ ಎಂದು ಕೇಳುತ್ತಿದ್ದರು. ಅಳತೆ ಇಲ್ಲದ ಸಂಖ್ಯೆಯನ್ನಂತೂ ಒಪ್ಪುತ್ತಲೇ ಇರಲಿಲ್ಲ. ಅದಕ್ಕೆ ಅವರು ಹೇಳುತ್ತಿದ್ದದ್ದು ಮಂಗಳನ ಕಡೆಗೆ ಹೋದ ಒಂದು ನೌಕೆಯ ಕಥೆ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರಿನಲ್ಲಿ ಹಾಳಾಯಿತು. ಒಂದು ಕಡೆಯ ಸಾಫ್ಟ್‌ವೇರ್ ಪೌಂಡಿನ ಅಳತೆಯಲ್ಲಿ ಸಂಖ್ಯೆ ಕೊಟ್ಟಿತ್ತು, ಇನ್ನೊಂದು ಕಡೆಯದು ಅದನ್ನು ನ್ಯೂಟನ್ ಎಂದು ಓದಿಕೊಂಡಿತು. ಡೇರಿಯಲ್ಲೂ ಅಂಥದ್ದೇ ಒಂದು ಜಾಗ ಇತ್ತು. ಊರಲ್ಲಿ ಹಾಲಿನ ಮಾತು ಲೀಟರಿನಲ್ಲಿ, ಹಾಲು ಒಕ್ಕೂಟದ ಲೆಕ್ಕ ಕೆಜಿಯಲ್ಲಿ. ಒಂದು ಲೀಟರ್ ಹಾಲು ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ, ಸುಮಾರು 1.03 ಕೆಜಿ ತೂಗುತ್ತದೆ. ನೂರಾರು ಲೀಟರಿಗೆ ಆ ಸ್ವಲ್ಪವೇ ದೊಡ್ಡದಾಗುತ್ತದೆ. ನಮ್ಮ ಪರದೆಯಲ್ಲಿ ಪ್ರತಿ ಸಂಖ್ಯೆಯ ಪಕ್ಕದಲ್ಲೂ ಅಳತೆ ಇತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಆ ಪ್ರಾಜೆಕ್ಟಿನ ಕೈಪಿಡಿ. ಕನ್ನಡದಲ್ಲೇ ಬರೆಯಿರಿ, ಬರೆದದ್ದನ್ನು ಡೇರಿಯಲ್ಲಿ ಕೂತು ಓದಿಸಿ, ಎಲ್ಲಿ ನಿಲ್ಲುತ್ತಾರೆ ನೋಡಿಕೊಂಡು ಬನ್ನಿ ಎಂದು ಮೇಡಂ ಕಳಿಸಿದರು. ನಮ್ಮ ಕರಡು ಎಲ್ಲ ಕೈಪಿಡಿಗಳ ಹಾಗೆ ಪರದೆಯ ಮೆನು ಇದ್ದ ಕ್ರಮದಲ್ಲೇ ಇತ್ತು. ಕಾರ್ಯದರ್ಶಿಗಳು ಸಮಾಧಾನವಾಗಿ ಓದಿದರು. ಕೊನೆಗೆ, “ಎಲ್ಲ ಸರಿ ಕಣಮ್ಮ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೀತೀನಿ. ಆಗ ಯಾವ ಪುಟ ನೋಡ್ಬೇಕು?” ಎಂದು ಕೇಳಿದರು.

ಆ ಒಂದು ಪ್ರಶ್ನೆಯಿಂದ ಇಡೀ ಕೈಪಿಡಿಯನ್ನು ಮತ್ತೆ ಬರೆದೆವು. ಬಾಗಿಲು ತೆಗೆದಾಗ ಮಾಡಬೇಕಾದ್ದು ಮೊದಲ ಪುಟ. ಮೊದಲ ಕ್ಯಾನು ಬಂದಾಗ, ಸ್ಯಾಂಪಲ್ ತೆಗೆದಾಗ, ರಸೀತಿ ಕೊಟ್ಟಾಗ, ಲಾರಿ ಹೋದ ಮೇಲೆ, ಬಟವಾಡೆಯ ದಿನ. ಮೆನುವಿನ ಕ್ರಮ ಹೋಗಿ ಅವರ ದಿನದ ಕ್ರಮ ಬಂತು. “ಕರೆಂಟು ಹೋದ್ರೆ?” ಎಂದು ಅವರು ಕೇಳಿದ್ದಕ್ಕೆ ಅದಕ್ಕೇ ಒಂದು ಪುಟ ಮಾಡಿದೆವು. ಯಾವ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು, ಕರೆಂಟು ಬಂದ ಮೇಲೆ ಯಾವ ತಾರೀಕು ಹಾಕಿ ಸೇರಿಸಬೇಕು, ರಸೀತಿ ನಂಬರು ಏನು ಮಾಡಬೇಕು. ಆ ಪುಟವನ್ನು ಅವರು ಕಂಪ್ಯೂಟರಿನ ಮೇಲಿನ ಗೋಡೆಗೆ ಅಂಟಿಸಿಕೊಂಡರು. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹೊರಗಿನ ಪರೀಕ್ಷಕರು ಕೋಡಿಗಿಂತ ಹೆಚ್ಚು ಹೊತ್ತು ಕೇಳಿದ್ದೂ ಆ ಕೈಪಿಡಿಯ ಬಗ್ಗೆಯೇ.

ಈಗ ಓದುತ್ತಿರುವ ತಂಗಿ ತಮ್ಮಂದಿರ ಕೈಯಲ್ಲಿ ಚಾಟ್‌ಜಿಪಿಟಿ ಇದೆ. ಇಂಗ್ಲಿಷ್ ತಿದ್ದಿಸಿಕೊಳ್ಳಲು ಅದು ನಿಜಕ್ಕೂ ಒಳ್ಳೆಯದು. ನಮಗೆ ಮೇಡಂ ಕೂತು ಮಾಡಿಕೊಟ್ಟ ಕೆಲಸದ ಒಂದು ಭಾಗವನ್ನು ಅದು ಮಾಡುತ್ತದೆ, ಹಳ್ಳಿಯಿಂದ ಬಂದ ಮಕ್ಕಳಿಗೆ ದೊಡ್ಡ ಆಸರೆ. ಆದರೆ ಲ್ಯಾಬ್ ರೆಕಾರ್ಡಿನಿಂದ ಹಿಡಿದು ಪ್ರಾಜೆಕ್ಟ್ ವರದಿಯವರೆಗೆ ಎಲ್ಲವನ್ನೂ ಅದರಿಂದಲೇ ಬರೆಸಿಕೊಳ್ಳಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಬೆಳಿಗ್ಗೆ ಆರಕ್ಕೆ ಯಾವ ಪುಟ ಬೇಕು ಎಂಬುದು ಆ ಡೇರಿಗೆ ಹೋಗಿ ಕೂತವರಿಗೆ ಮಾತ್ರ ಗೊತ್ತಾಗುತ್ತದೆ. ಇಂಟರ್ವ್ಯೂಗಳಲ್ಲಿ ಹೊಸಬರನ್ನು ಕೂರಿಸಿಕೊಂಡು ನಾನು ಕೇಳುವುದೂ ಇದನ್ನೇ: ನಿನ್ನ ಪ್ರಾಜೆಕ್ಟನ್ನು ಯಾರು ಬಳಸುತ್ತಾರೆ, ಅವರಿಗೆ ಅದನ್ನು ಹೇಗೆ ವಿವರಿಸುತ್ತೀಯಾ? ತಾನೇ ಬರೆದವರು ಸಲೀಸಾಗಿ ಹೇಳುತ್ತಾರೆ, ಇಂಗ್ಲಿಷ್ ಎಷ್ಟೇ ತಡವರಿಸಿದರೂ.

ವಿಭಾಗದವರಲ್ಲಿ ಒಂದು ಕೇಳಿಕೆ. ಕೊನೆಯ ವರ್ಷದ ಪ್ರತಿ ಪ್ರಾಜೆಕ್ಟ್ ವರದಿಯ ಜೊತೆ ಎರಡು ಪುಟದ ಕನ್ನಡ ಕೈಪಿಡಿಯೂ ಇರಲಿ, ಅದನ್ನು ಬಳಸುವವರ ಮುಂದೆ ಒಮ್ಮೆ ಓದಿಸಿ ಬರಲಿ. ಕರಡುಗಳನ್ನು ಓದಿ ತಿದ್ದಿಕೊಡಲು ತಿಂಗಳಿಗೊಂದು ಶನಿವಾರ ಬರಲು ನಾನು ತಯಾರಿದ್ದೇನೆ. ನನ್ನ ಬ್ಯಾಚಿನ ಕೆಲವರೂ ಒಪ್ಪಿದ್ದಾರೆ. ಇಂಟರ್ನಲ್ಸ್ ಪರೀಕ್ಷೆಗಳು ಮುಗಿದ ಮೇಲೆ ಯಾವ ಶನಿವಾರ ಅನುಕೂಲ ಎಂದು ತಿಳಿಸಿದರೆ ಸಾಕು.